ಒಂದು ನೂಲಿನ ತೂತು

ಕಮಡೊಳ್ಳಿ ಏಜಂಟರ ಕಾರು ರಾತ್ರಿ ನಿಲ್ಲೂದು
ನಮ್ಮ ಬಾಗಲಕ್ಕ ಬಾಲ ಮಾಡಿ.
ಅವರ ಮನಿ ಮುಂದ ಗಟಾರ ಅಗದು ಬಿಟ್ಟು ಎರಡು ವರ್ಷಾತು.
ಕಾರ್ಪೊರೇಶನ್ನಿನವರು ಬಂದು ಮುಚ್ಚೂತನಕ ಅಂತ ಕೇಳಿದ್ರು,
ಹೂಂ ಅಂದಿದ್ದೆ.

ನಸುಕಿನ್ಯಾಗ ಥಳಿ ಹೊಡದು
ಹದಿಮೂರು ಚುಕ್ಕಿ ಇಟ್ಟು, ಎಳಿ ಕೂಡಿಸಿ,
ಒಳಗ ಹೋಗಿ ಎಂಟು ರೊಟ್ಟಿ ಬಡಿಯೂದ್ರಾಗ
ಅವರು ಗಾಡಿ ಚಾಲೂ ಮಾಡಿ ಬಿಟ್ಟಿರ್ತಾರ.
ಅದು ಗುಡುಗುಡು ಅನಕೋತ ಸಾಯಲೆನ್ಸರಿನ ಹೊಟ್ಟಿಯಿಂದ
ತೊಟ್ಟು
ತೊಟ್ಟು
ಕಾಡಿಗಿ ಕಲಸಿದಂಥಾ ನೀರು.
ಇಳಿಜಾರು ನನ್ನ ಕಡೀಗೇ.
ಕಮಲದ ಎಡಗಡಿ ಎಸಳು ದಿನಾ ಕರ್ರಗ.

ಹದಿನೈದು ದಿನ ತಡಕೊಂಡೆ.
"ಏಜಂಟರ, ನಿಮ್ಮ ಗಾಡೀಗೆ ಏನಾರ ಬ್ಯಾನಿ ಐತೇನ್ರೀ?
ಎದ್ದ ಕೂಡ್ಲೆ ನನ್ನ ಬಾಗಲದಾಗಽ ಯಾಕ?"
ಊರ ಮಂದಿ ಜೀವಕ್ಕ ವಿಮೆ ಬರಿಯೋ ಮನಷ್ಯಾ,
ಒಂದು ತೂತಿಗೆ ಉತ್ತರ ಇರಲಿಲ್ಲ.
ಸಂಜೀಕ ಗಬ್ಬೂರ ಕ್ರಾಸಿನ ಹುಡುಗ ಒಬ್ಬ
ನಲವತ್ತು ರೂಪಾಯಿಗೆ ವೆಲ್ಡಿಂಗ್ ಹಾಕಿ ಕೊಟ್ಟ.
ಮರುದಿನ ರಂಗೋಲಿ ಬೆಳ್ಳಗ.
ನಾ ಒಂದು ಡಜನ್ ರೊಟ್ಟಿ, ಅಗಸಿ ಹಿಂಡಿ ಕಳಿಸಿದೆ.
ಗೆದ್ದವರು ಕಳಸೂದು ಹಂಗಽ.

ಅಲ್ಲಿಂದ ಒಂದೂಕಾಲು ವರ್ಷ.
ಗಾಡಿ ದುರ್ಗದ ಬೈಲಿಗೆ ಹೋಗೂದು, ತಿರುಗಿ ಬರೂದು,
ಹೆಚ್ಚಂದ್ರ ಉಣಕಲ್ಲ.

ಒಂದು ಮಂಗಳವಾರ ಚಾಲೂ ಮಾಡಿದ್ರು,
ಓಣಿ ಪೂರಾ ಎದ್ದು ಕುಂತಿತು.
ಎದುರುಮನಿ ಮುದುಕಿ "ಯುದ್ಧ ಹತ್ತೇತೇನ?" ಅಂತ ಕೇಳಿದ್ಲು.
ನನ್ನ ಹಸೀ ರಂಗೋಲಿ ಮ್ಯಾಲೆ
ಉಳ್ಳಾಗಡ್ಡಿ ಸಿಪ್ಪಿ ಹಂಗ ಪದರು ಪದರು ತುಕ್ಕು.

ಗಿರಣಿ ಕೆಲಸ ಐತಿ ಅಂತ ಹೇಳಿ ನಾನೂ ಕುಂತು ಹೋದೆ,
ಆ ಸಪ್ಪಳದಾಗ, ಕಾರವಾರ ರೋಡಿಗೆ.
ಗಿರಣಿ ಇರೂದು ಬ್ಯಾರೆ ಕಡಿ.

ಮಕ್ತುಮಸಾಬ ಸಾಯಲೆನ್ಸರ್ ಬಿಚ್ಚಿ ಡಬ್ಬ ಹಿಡದು ಝಾಡಿಸಿದ.
ಅರ್ಧಾ ವಾಟಿ ಕೆಂಪು ನೀರು, ಮುಷ್ಟಿ ತುಂಬ ಪುಡಿ.
"ಈ ತೂತು ಮುಚ್ಚಿಸಿದವರು ಯಾರು?"
ಏಜಂಟರು ನೆಲಾ ನೋಡಿದ್ರು. ಗೋಡಿ ನೋಡಿದ್ರು.
ನನ್ನ ನೋಡಲಿಲ್ಲ.

"ಸೋರೂದಲ್ರೀ ಇದು, ಕಂಪನಿಯವರಽ ಇಟ್ಟದ್ದು.
ಪೆಟ್ರೋಲು ಸುಟ್ಟರ ಹೊಗಿ ಜೋಡಿ ನೀರೂ ಹುಟ್ತೈತಿ."
ಬೆಂಕಿಯಿಂದ ನೀರು! ನಾ ನಂಬಲಿಲ್ಲ.
"ದೂರ ಓಡಿದ ಗಾಡಿ ಕಾದು ಆರಿಸ್ಕೋತೈತಿ,
ದುರ್ಗದ ಬೈಲಿಗೆ ಹೋಗಿ ಬರೂದು ಎಲ್ಲಿ ಕಾಯಬೇಕು?"
ಆಮ್ಯಾಲೆ ನನ್ನ ಕಡೆ ತಿರುಗಿ,
"ಹಂಚು ತೊಳದು ಹೆಂಗ ಇಡ್ತೀರಿ, ಅವ್ವಾರ?"
"ಡಬ್ಬ."
"ಅಷ್ಟಽ ನೋಡ್ರಿ."

ಮೂವತ್ತು ವರ್ಷ ರೊಟ್ಟಿ ಬಡದಾಕಿ ನಾನು.
ಒಂದು ಹನಿ ಉಳಿದ್ರ ಮುಂಜಾನಿಗೆ ಹಂಚಿನ ಮ್ಯಾಲೆ
ಕಾಸಿನಗಲ ಕೆಂಪು ಕಲಿ, ಅದು ನನಗ ಗೊತ್ತು.
ಅದಽ ಕಬ್ಬಿಣ ಕಾರಿನ ಕೆಳಗ ಜೋತುಬಿದ್ರ
ಗುರ್ತಾ ಸಿಗಲಿಲ್ಲ.

ಹೊಸಾದು ಲೋಕಲ್ ಮಾಲು, ತೂತಿರಲಿಲ್ಲ.
ಮಕ್ತುಮಸಾಬ ಕಣ್ಣು ಮುಚ್ಚಿ, ಬೆರಳಾಡಿಸಿ,
ಎಲ್ಲಕ್ಕಿಂತ ತೆಳಗಿನ ಜಾಗಾ ಹುಡುಕಿ
ಬರೋಬ್ಬರಿ ಒಂದು ನೂಲಿನ ಡ್ರಿಲ್ಲು ಇಟ್ಟ.
ಕಬ್ಬಿಣದ ಸುರುಳಿ ಬಂತು, ಸಂಡಿಗಿ ಎಳಿ ಹಂಗ.
ಅರ್ಧಾ ರೊಕ್ಕ ಕೊಡಾಕ ಹೋದೆ, ಏಜಂಟರು ತಗೋಳಲಿಲ್ಲ.
"ಹಿಂಡಿ ಛಲೋ ಇತ್ರೀ ಅವತ್ತು" ಅಂದ್ರು.

ಈಗ ರಂಗೋಲಿ ಎಡಗಡಿ ಅಂಚಿನ್ಯಾಗ
ಒಂದು ನೂಲು ಜಾಗಾ ಬಿಡ್ತೀನಿ, ಎಳಿ ಕೂಡಸೂದಿಲ್ಲ.
"ಅತ್ತಿ, ಕಣ್ಣು ಮಂಜಾಗ್ಯಾವೇನು?" ಅಂತಾಳ ಸೊಸಿ.
ಏಜಂಟರು ಮಾತ್ರ ನನ್ನ ರಂಗೋಲಿ ಉಳೀಲಿ ಅಂತ
ಗಾಡಿ ಒಂದು ಮೊಳ ಆ ಕಡಿ ನಿಲ್ಲಸಾಕ ಹತ್ಯಾರ.
ನೀರು ಮತ್ತೆಲ್ಲೋ ಹರೀತೈತಿ.
ನಾ ಬಿಟ್ಟ ಸಂದಿನ್ಯಾಗ
ಇರಿವಿ ಸಾಲು ಹೊಂಟೈತಿ.